ತೆಗೆದದ್ದು ಒಂದೇ ಸಾಲು

ಈ ಸಂಚಿಕೆಯ ಪುಟ ಕಟ್ಟುತ್ತಿದ್ದ ಬೆಟಗೇರಿಯ ಹುಡುಗ ಒಂದು ಲೇಖನಕ್ಕೆ ಬಂದು ಕೈ ತಡೆದ. ‘ಇದನ್ನ ಬಿಡೂಣಲ್ರೀ ಸರ್? ಸುಮ್ನ ಕೇಸು ಗೀಸು ಆದೀತು’ ಎಂದ. ನಮ್ಮ ಮೇಲಿನ ಕಾಳಜಿಯಿಂದ ಅಂದ ಮಾತು. ಪುಟ ಕಟ್ಟುವ ಹುಡುಗನಿಗೂ ಕೇಸಿನ ಅಂಜಿಕೆ ಹತ್ತುವಂಥ ಕಾಲ ಬಂತಲ್ಲ ಎಂದು ನನಗೆ ಅವತ್ತು ಊಟ ಸೇರಲಿಲ್ಲ.

ಲೇಖನ ಬರೆದವರು ಮುಂಡರಗಿ ಕಡೆಯ ಎಳೆಯ ಸಂಶೋಧಕಿ. ವಿಷಯ ಲಕ್ಷ್ಮೇಶ್ವರದ ಆದಯ್ಯ. ಸೌರಾಷ್ಟ್ರದ ಸೋಮನಾಥನನ್ನು ಪುಲಿಗೆರೆಗೆ, ಅಂದರೆ ಇಂದಿನ ಲಕ್ಷ್ಮೇಶ್ವರಕ್ಕೆ, ತಂದು ಜೈನರ ಬಸದಿಯಲ್ಲಿ ನೆಲೆಗೊಳಿಸಿದ ಶರಣನೆಂದು ರಾಘವಾಂಕ ‘ಸೋಮನಾಥ ಚಾರಿತ್ರ’ದಲ್ಲಿ ಅವನನ್ನು ಕೊಂಡಾಡಿದ್ದಾನೆ. ಗೆದ್ದವರ ಸಂಭ್ರಮ ಆ ಕಾವ್ಯದ ತುಂಬ ಇದೆ. ಸೋತವರ ಮನೆಯಲ್ಲಿ ಆ ರಾತ್ರಿ ಒಲೆ ಹೊತ್ತಿತೇ ಎಂದು ಕಾವ್ಯ ಕೇಳುವುದಿಲ್ಲ. ನಮ್ಮ ಲೇಖಕಿ ಕೇಳಿದ್ದಾರೆ. ಜೊತೆಗೇ, ಶೈವನಾಗಿದ್ದು ಜೈನನಾದ ಬ್ರಹ್ಮಶಿವ 12ನೆಯ ಶತಮಾನದಲ್ಲಿ ‘ಸಮಯಪರೀಕ್ಷೆ’ ಬರೆದು ಅನ್ಯಮತಗಳನ್ನು ಜಾಲಾಡಿದ್ದನ್ನೂ ಎದುರಿಗೆ ಇಟ್ಟಿದ್ದಾರೆ. ರಾಘವಾಂಕ, ಬ್ರಹ್ಮಶಿವ ಇಬ್ಬರೂ ಇವತ್ತು ಬರೆದಿದ್ದರೆ ಇಬ್ಬರ ಮೇಲೂ ಠಾಣೆಯಲ್ಲಿ ದೂರು ಬೀಳುತ್ತಿತ್ತು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಲಕ್ಷ್ಮೇಶ್ವರದಲ್ಲಿ ಇಂದಿಗೂ ಸೋಮೇಶ್ವರನ ಗುಡಿಯಿದೆ, ಶಂಖ ಬಸದಿಯಿದೆ, ಆದಿಲ್‌ಶಾಹಿ ಕಾಲದ ಮಸೀದಿಯಿದೆ, ದೂದಪೀರರ ದರ್ಗಾ ಇದೆ. ಬೈದಾಡಿದ ಮತಗಳೆಲ್ಲ ಒಂದೇ ಊರಿನ ನೀರು ಕುಡಿದು ಉಳಿದಿವೆ.

ಹಸ್ತಪ್ರತಿ ಹಿಡಿದು ಗದುಗಿನ ವಕೀಲ ಮಿತ್ರರ ಮನೆಗೆ ಹೋದೆ. ಪೂರಾ ಓದಿ ಅವರು ಕೇಳಿದ್ದು ಒಂದೇ: ‘ಇದರಾಗ ಈಗ ಬದುಕಿರೋ ಮಂದಿ ಮ್ಯಾಲೆ ಏನರ ಐತೇನ್ರೀ?’

ಆ ಪ್ರಶ್ನೆಯ ಹಿಂದೆ ನೂರು ವರ್ಷಗಳ ಕಥೆಯಿದೆ. ಪ್ರವಾದಿಯವರನ್ನು ಹೀಯಾಳಿಸಿದ ಪುಸ್ತಕವೊಂದರ ಪ್ರಕಾಶಕನನ್ನು ಲಾಹೋರ್ ಹೈಕೋರ್ಟು 1927ರಲ್ಲಿ ಬಿಡುಗಡೆ ಮಾಡಿತು. ಸಮುದಾಯಗಳ ನಡುವೆ ವೈರ ಹಚ್ಚುವುದನ್ನು ತಡೆಯುವ, ದಂಡ ಸಂಹಿತೆಯ 153ಎ ಕಲಮು ಗತಿಸಿದ ಧರ್ಮಗುರುವಿನ ನಿಂದೆಗೆ ಅನ್ವಯಿಸದು ಎಂಬುದು ಆ ತೀರ್ಪಿನ ತಿರುಳು. ದೇಶ ಕುದಿಯಿತು. ಅದೇ ವರ್ಷ, ಧಾರ್ಮಿಕ ಭಾವನೆಗೆ ಘಾಸಿ ಮಾಡುವುದನ್ನು ತಡೆಯಲು 295ಎ ಕಲಮು ಹುಟ್ಟಿತು. ಇಂದಿನ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 299ನೆಯ ಕಲಮು. ಇತಿಹಾಸ ಬರೆಯುವವರಿಗೆ, ಸದ್ಭಾವದಿಂದ ಧರ್ಮವಿಮರ್ಶೆ ಮಾಡುವವರಿಗೆ ರಕ್ಷಣೆ ಇರಲೇಬೇಕೆಂದು ಅಂದಿನ ಶಾಸನಸಭೆಯಲ್ಲಿ ಎಚ್ಚರಿಸಿದವರಲ್ಲಿ ಜಿನ್ನಾ ಒಬ್ಬರು. ಬೇಕೆಂದೇ, ದುರುದ್ದೇಶದಿಂದ ಮಾಡಿದ್ದಾಗಿರಬೇಕು ಎಂಬ ಮಾತು ಕಲಮಿನೊಳಗೇ ಇದೆ. 1957ರಲ್ಲಿ ಸುಪ್ರೀಂ ಕೋರ್ಟು ರಾಮ್‌ಜಿ ಲಾಲ್ ಮೋದಿ ಪ್ರಕರಣದಲ್ಲಿ ಆ ಕಲಮನ್ನು ಎತ್ತಿ ಹಿಡಿದದ್ದೂ ಈ ಮಾತಿನ ಬಲದ ಮೇಲೆಯೇ. ಮನಸ್ಸಿಗೆ ನೋವಾಯಿತು ಎಂಬಷ್ಟಕ್ಕೆ ಅಪರಾಧವಾಗುವುದಿಲ್ಲ. ಆರೋಪಿಯ ಪರ ವಕೀಲರಿಗೆ ಕಾಲೂರಲು ಇರುವ ನೆಲವೇ ಇದು.

ಆದರೆ ಉದ್ದೇಶವೇನೆಂದು ಕೇಳುವ ತನಕ ಮಾತು ಹೋಗುವುದೇ ಅಪರೂಪ. ಪಿ.ವಿ. ನಾರಾಯಣರ ‘ಧರ್ಮಕಾರಣ’ ಕಾದಂಬರಿ ಬಂದದ್ದು 1995ರಲ್ಲಿ. ಬಸವಣ್ಣನ ಅಕ್ಕ ನಾಗಲಾಂಬಿಕೆ ಮತ್ತು ಚನ್ನಬಸವಣ್ಣನ ಹುಟ್ಟಿನ ಚಿತ್ರಣಕ್ಕೆ ಭಕ್ತರು ಕೆರಳಿದರು, 1997ರಲ್ಲಿ ಸರ್ಕಾರ ಪುಸ್ತಕವನ್ನು ಮುಟ್ಟುಗೋಲು ಹಾಕಿತು. ಬರಗೂರು ರಾಮಚಂದ್ರಪ್ಪ ಮತ್ತಿತರರು ಸುಪ್ರೀಂ ಕೋರ್ಟಿನವರೆಗೆ ಹೋದರು, 2007ರಲ್ಲಿ ಸೋತರು. ಅಲ್ಲಿ ಬಳಸಿದ್ದು ದಂಡ ಪ್ರಕ್ರಿಯಾ ಸಂಹಿತೆಯ 95ನೆಯ ಕಲಮು. ಪುಸ್ತಕದಲ್ಲಿ ಆಕ್ಷೇಪಾರ್ಹ ಸಂಗತಿ ಇದೆಯೆಂದು ಸರ್ಕಾರಕ್ಕೆ ಕಂಡರೆ, ಅದಕ್ಕೆ ಕಾರಣ ಬರೆದರೆ ಸಾಕು, ಲೇಖಕನ ಅಪರಾಧ ಸಾಬೀತಾಗಬೇಕಿಲ್ಲ. ಪುಸ್ತಕಕ್ಕೆ ಶಿಕ್ಷೆಯಾಗಿ ಲೇಖಕನ ಮನಸ್ಸಿನ ವಿಚಾರಣೆಯೇ ನಡೆಯದಿರುವ ಈ ದಾರಿಯನ್ನು ನಾನು ಒಪ್ಪಲಾರೆ.

ಅದೇ ಚನ್ನಬಸವಣ್ಣನ ಹುಟ್ಟಿನ ಚರ್ಚೆ ಸಂಶೋಧಕ ಎಂ.ಎಂ. ಕಲಬುರ್ಗಿಯವರ ‘ಮಾರ್ಗ’ ಕೃತಿಯಲ್ಲೂ ಇತ್ತು. 1989ರಲ್ಲಿ ಅವರು ಒತ್ತಡಕ್ಕೆ ಮಣಿದು ಬರೆದದ್ದನ್ನು ಹಿಂತೆಗೆದುಕೊಂಡರು. ಗದುಗಿನ ತೋಂಟದಾರ್ಯ ಮಠದ ಅಧ್ಯಯನ ಸಂಸ್ಥೆಗಾಗಿ ಅವರು ಎಷ್ಟು ದುಡಿದರೆಂಬುದು ಈ ಊರಿಗೆ ಗೊತ್ತು. 2014ರಲ್ಲಿ ಮೂರ್ತಿಪೂಜೆಯ ಕುರಿತ ಮಾತಿಗೆ ಅವರ ಮೇಲೆ ದೂರು ದಾಖಲಾಯಿತು. ನ್ಯಾಯಾಲಯದಲ್ಲಿ ಅವರ ವಕೀಲರು ವಾದಿಸಬೇಕಾಗಿದ್ದ ಮಾತು ಎಷ್ಟಿತ್ತೋ! 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದ ಅವರ ಮನೆಯ ಬಾಗಿಲಲ್ಲೇ ಗುಂಡು ಹಾರಿತು.

ವಕೀಲರೇ ಹಿಂದೆ ಸರಿದರೆ? ಅದನ್ನೂ ಕಂಡೆವು. ಗದುಗಿನಿಂದ ಒಂದು ತಾಸಿನ ದಾರಿಯ ಹುಬ್ಬಳ್ಳಿಯಲ್ಲಿ 2020ರ ಫೆಬ್ರವರಿಯಲ್ಲಿ ಮೂವರು ಕಾಶ್ಮೀರಿ ವಿದ್ಯಾರ್ಥಿಗಳ ಮೇಲೆ ದೇಶದ್ರೋಹದ ಆರೋಪ ಬಂದಾಗ, ಅವರ ಪರ ಯಾರೂ ವಕಾಲತ್ತು ಹಾಕಕೂಡದೆಂದು ಅಲ್ಲಿನ ವಕೀಲರ ಸಂಘ ನಿರ್ಣಯ ಮಾಡಿತು. ಇಂಥ ನಿರ್ಣಯಗಳು ಅಸಿಂಧು ಎಂದು ಸುಪ್ರೀಂ ಕೋರ್ಟು 2010ರಲ್ಲೇ ಹೇಳಿತ್ತು. ಬೆಂಗಳೂರಿನಿಂದ ಬಂದ ವಕೀಲರು ಧಾರವಾಡದ ಕೋರ್ಟಿನಲ್ಲಿ ಜಾಮೀನು ಅರ್ಜಿ ಸಲ್ಲಿಸಲು ಪೊಲೀಸ್ ಕಾವಲು ಬೇಕಾಯಿತು. ರಾಜ್ಯ ಹೈಕೋರ್ಟಿನ ಆಗಿನ ಮುಖ್ಯ ನ್ಯಾಯಮೂರ್ತಿ ಅಭಯ್ ಓಕಾ ಆ ವರ್ತನೆಯನ್ನು ಕಟುವಾಗಿ ಖಂಡಿಸಿದರು. ಐದು ವರ್ಷಗಳ ಮೇಲೆ, 2025ರ ಮಾರ್ಚಿನಲ್ಲಿ, ಒಂದು ಕವಿತೆಗಾಗಿ ಇಮ್ರಾನ್ ಪ್ರತಾಪ್‌ಗಢಿಯವರ ಮೇಲಿದ್ದ ಎಫ್‌ಐಆರ್ ರದ್ದುಪಡಿಸಿದ ಸುಪ್ರೀಂ ಕೋರ್ಟಿನ ಪೀಠದಲ್ಲೂ ಓಕಾ ಅವರೇ ಇದ್ದರು. ಮಾತಿನ ಪರಿಣಾಮವನ್ನು ಗಟ್ಟಿ ಮನಸ್ಸಿನ, ವಿವೇಕವುಳ್ಳವರ ಕಿವಿಯಿಂದ ಅಳೆಯಬೇಕು, ಎಲ್ಲದರಲ್ಲೂ ಅವಮಾನ ಕಾಣುವವರ ಕಿವಿಯಿಂದಲ್ಲ ಎಂದಿತು ಆ ಪೀಠ. 1924ರ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ಮೊಳಗಿದ ಏಕೀಕರಣ ಗೀತೆ ಬರೆದ ಹುಯಿಲಗೋಳ ನಾರಾಯಣರಾಯರು ಗದುಗಿನಲ್ಲಿ ವಕೀಲರಾಗಿದ್ದವರು. ಆ ಪರಂಪರೆಯ ಕರಿಕೋಟು ತೊಟ್ಟವರು ಬೇಡಾದವನ ಪಕ್ಕದಲ್ಲೂ ನಿಲ್ಲಬೇಕೆಂದು ಕೈಮುಗಿದು ಕೇಳುತ್ತೇನೆ.

2025ರ ಡಿಸೆಂಬರಿನ ಬೆಳಗಾವಿ ಅಧಿವೇಶನದಲ್ಲಿ ದ್ವೇಷ ಭಾಷಣ ತಡೆ ಮಸೂದೆಗೆ ಸದನ ಒಪ್ಪಿಗೆ ಕೊಟ್ಟಿತು. ಆಗ ಕಾನೂನು ಸಚಿವರು ಗದುಗಿನ ಎಚ್.ಕೆ. ಪಾಟೀಲರು. ಜಾಮೀನುರಹಿತ ಅಪರಾಧ, ಮೊದಲ ಸಲಕ್ಕೇ 7 ವರ್ಷದವರೆಗೆ ಸಜೆ. ಬೀದಿಯಲ್ಲಿ ಒಂದು ಸಮುದಾಯದ ಮೇಲೆ ಜನರನ್ನು ಛೂ ಬಿಡುವವರನ್ನು ಹಿಡಿಯಲೇಬೇಕು. ಆದರೆ ಜಾಮೀನು ದುರ್ಲಭವಾದಷ್ಟೂ, ಉದ್ದೇಶ ಸಾಬೀತಾಗುವ ಮುನ್ನವೇ ಶಿಕ್ಷೆ ಮುಗಿದಿರುತ್ತದೆ. ಆ ಬಲೆಗೆ ನಮ್ಮ ಲೇಖಕಿಯಂಥವರೂ ಬೀಳಬಹುದೆಂಬ ಅಳುಕು ನನ್ನದು.

‘ದ್ವೇಷ ಬಿಡು, ಪ್ರೀತಿ ಮಾಡು’ ಎಂದು ಶಿರಹಟ್ಟಿಯ ಫಕೀರೇಶ್ವರ ಮಠ ಸಾರುತ್ತ ಬಂದಿದೆ. ಪ್ರೀತಿ ಮಾಡೆಂದು ಕಾನೂನು ಹೇಳಲಾರದು. ದ್ವೇಷ ಬಿಡು ಎಂಬುದರಲ್ಲೂ ಅದರ ಕೈ ಎಟಕುವುದು ಸ್ವಲ್ಪವೇ. ಉಳಿದದ್ದು ಬರೆಯುವವರ, ಅಚ್ಚು ಹಾಕುವವರ ಕೆಲಸ.

ವಕೀಲ ಮಿತ್ರರ ಪ್ರಶ್ನೆ ಹಿಡಿದು ಮತ್ತೊಮ್ಮೆ ಓದಿದಾಗ ಒಂದು ಸಾಲು ಸಿಕ್ಕಿತು. ರಾಘವಾಂಕನ ಗೆಲುವಿನ ಗರ್ವದಿಂದ ಜಿಗಿದು, ಇಂದಿನ ಒಂದು ಸಮುದಾಯದವರೆಲ್ಲರ ಗುಣವೇ ಇಂಥದ್ದು ಎಂದು ಅದು ಹೇಳುತ್ತಿತ್ತು. ಲೇಖಕಿಗೆ ಫೋನು ಮಾಡಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅದನ್ನ ಸಿಟ್ಟಿನಾಗ ಬರದಿದ್ದೆ, ತಗೀರಿ ಸರ್’ ಎಂದರು. ಆದಯ್ಯನ ಬಗ್ಗೆ, ಕಾವ್ಯದ ಬಗ್ಗೆ, ಬಸದಿಯ ಬಗ್ಗೆ ಅವರು ಕೇಳಿದ ಪ್ರಶ್ನೆಗಳೆಲ್ಲ ಹಾಗೆಯೇ ಇವೆ. ಲೇಖನ 14ನೆಯ ಪುಟದಲ್ಲಿದೆ.