ಮೆಷೀನು ಕುಂಯ್‌ಗುಟ್ಟಿದರೆ ಚರಿತ್ರೆ ಸಿಕ್ಕಂತಲ್ಲ

ಮೊನ್ನೆ ಆನಗೋಡು ಬಸ್ ಸ್ಟಾಪಿನ ಚಹಾ ಅಂಗಡಿಯಲ್ಲಿ ದಾವಣಗೆರೆ ಬಸ್ಸಿಗೆ ಕಾದು ಕೂತಿದ್ದೆವು. ಪಕ್ಕದ ಹುಡುಗ ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸುತ್ತಿದ್ದ. ಹೊರದೇಶದ ಯಾರೋ ಒಬ್ಬ ಹೊಲದಲ್ಲಿ ತಟ್ಟೆ ಕಟ್ಟಿದ ಕೋಲು ಆಡಿಸುತ್ತಾನೆ, ಅದು ಕುಂಯ್ ಅನ್ನುತ್ತದೆ, ಅಗೆದರೆ ಬೆಳ್ಳಿ ನಾಣ್ಯ! "ಅಣ್ಣಾ, ಈ ಮೆಷೀನು ತರಿಸಿದ್ರೆ ನಮ್ಮ ಹೊಲದಾಗೂ ಏನಾರ ಸಿಗ್ತತೇನು?" ಎಂದ ಹುಡುಗ. ಬೀಡಿ ಹಚ್ಚುತ್ತಿದ್ದ ಯಜಮಾನರು ಥಟ್ಟನೆ ಅಂದರು: "ಸಿಕ್ರೆ ಯಾರಿಗೂ ಹೇಳಬ್ಯಾಡಪ್ಪಾ, ಸ್ಟೇಷನ್ನಿಗೆ ಅಲೆದು ಅಲೆದು ಸಾಯ್ತೀಯ."

ಒಬ್ಬರದು ಆಸೆ, ಇನ್ನೊಬ್ಬರದು ಭಯ. ನಮ್ಮ ಸೀಮೆಯ ಚರಿತ್ರೆ ಹಾಳಾಗುತ್ತಿರುವುದು ಈ ಎರಡರ ನಡುವೆಯೇ.

ಮೊದಲು ಆಸೆಯ ಮಾತು. ಮೆಟಲ್ ಡಿಟೆಕ್ಟರಿಗೆ ಲೋಹ ಬಿಟ್ಟರೆ ಬೇರೇನೂ ತಿಳಿಯದು. ನೇಗಿಲ ಮುರುಕಿಗೂ ಅದೇ ಕುಂಯ್, ವರಹಕ್ಕೂ ಅದೇ ಕುಂಯ್. ಆದರೆ ನಮ್ಮ ಕಡೆಯ ಚರಿತ್ರೆ ಬಹುಪಾಲು ಕಲ್ಲಿನಲ್ಲಿದೆ. 1892ರಲ್ಲಿ ಬಿ.ಎಲ್. ರೈಸ್ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನ ಕಂಡದ್ದು ಬಂಡೆಯ ಮೇಲೆ. ಹರಿಹರೇಶ್ವರ ಗುಡಿಯನ್ನು ಹೊಯ್ಸಳ ಎರಡನೇ ನರಸಿಂಹನ ದಂಡನಾಯಕ ಪೋಲಾಳ್ವ ಕಟ್ಟಿಸಿದನೆಂದು ನಮಗೆ ಹೇಳಿದ್ದೂ ಕಲ್ಲೇ. ಅದರ ಮುಂದೆ ಮೆಷೀನು ಹಿಡಿದರೆ ಅದು ಮೂಕ.

ಇನ್ನು ನಾಣ್ಯವೇ ಸಿಕ್ಕಿತು ಎನ್ನಿ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಸಾತವಾಹನರ ಸೀಸದ ನಾಣ್ಯಗಳೂ ರೋಮ್ ಚಕ್ರವರ್ತಿಗಳ ಬೆಳ್ಳಿ ನಾಣ್ಯಗಳೂ ಸಿಕ್ಕಿವೆ. 1947ರಲ್ಲಿ ಮಾರ್ಟಿಮರ್ ವೀಲರ್ ಅಲ್ಲಿ ಮಣ್ಣನ್ನು ಪದರ ಪದರವಾಗಿ ಬಿಡಿಸಿ ಅಗೆಸಿದರು. ಯಾವ ಪದರದಲ್ಲಿ ಯಾವ ನಾಣ್ಯ, ಪಕ್ಕದಲ್ಲಿ ಎಂಥ ಮಡಕೆ ಚೂರು ಎಂದು ಬರೆದಿಟ್ಟದ್ದರಿಂದಲೇ ಎರಡು ಸಾವಿರ ವರ್ಷದ ಹಿಂದಿನ ವ್ಯಾಪಾರದ ಲೆಕ್ಕ ಹತ್ತಿತು. ಅದೇ ನಾಣ್ಯವನ್ನು ರಾತ್ರೋರಾತ್ರಿ ಕಿತ್ತು ಜೇಬಿಗೆ ಹಾಕಿಕೊಂಡಿದ್ದರೆ? ಎರಡು ತೊಲ ಬೆಳ್ಳಿಯೂ ಅಲ್ಲ, ಅಷ್ಟೇ. ಖಾತೆ ಪುಸ್ತಕದ ಒಂದು ಹಾಳೆ ಹರಿದುಕೊಂಡು ಹೋದರೆ ಲೆಕ್ಕ ಹೊಂದೀತೇ, ಅಂಗಡಿಕಾರರೇ ಹೇಳಿ.

ಆಸೆ ಅತಿಯಾದರೆ ಏನಾಗುತ್ತದೆಂಬುದಕ್ಕೆ ಆನೆಗೊಂದಿ ಸಾಕ್ಷಿ. 2019ರ ಜುಲೈನಲ್ಲಿ ನಿಧಿಗಳ್ಳರು ನವವೃಂದಾವನದ ವ್ಯಾಸರಾಜರ ವೃಂದಾವನವನ್ನೇ ಒಡೆದು ಹಾಕಿದರು. ಹವ್ಯಾಸ ಬೇರೆ, ಹಾರೆ ಬೇರೆ, ನಿಜ. ಆದರೆ ರಾತ್ರಿ ಹೊಲದಲ್ಲಿ ಮೆಷೀನು ಹಿಡಿದು ನಿಂತವನನ್ನು ನೋಡಿ ಊರವರು ಎರಡನ್ನೂ ಹೇಗೆ ಬೇರೆ ಮಾಡಬೇಕು?

ಇನ್ನು ಭಯದ ಮಾತು. ಭೂಮಿಯಲ್ಲಿ ಸಿಕ್ಕ ನಿಕ್ಷೇಪವನ್ನು ಜಿಲ್ಲಾಧಿಕಾರಿಗೆ ತಿಳಿಸಬೇಕೆಂಬುದು ಹೊಸ ಕಾನೂನಲ್ಲ. 1878ರಲ್ಲೇ ಬ್ರಿಟಿಷರು ಮಾಡಿದ್ದರು. ಹತ್ತು ರೂಪಾಯಿ ಮೀರಿದರೆ ಸಾಕಿತ್ತು. ನಮ್ಮ ರಾಜ್ಯಕ್ಕೆ 1962ರಲ್ಲಿ ಪ್ರತ್ಯೇಕ ಕಾಯ್ದೆ ಬಂತು. 1972ರ ಕೇಂದ್ರ ಕಾಯ್ದೆಯಂತೆ ನೂರು ವರ್ಷ ದಾಟಿದ ನಾಣ್ಯ, ವಿಗ್ರಹಗಳ ವ್ಯಾಪಾರಕ್ಕೆ ಪರವಾನಗಿ ಬೇಕು. ಆದರೆ ಜನರ ಬಾಯಲ್ಲಿ ಉಳಿದಿರುವುದು ಶಿಕ್ಷೆಯ ಮಾತು ಮಾತ್ರ. 1878ರ ಕಾಯ್ದೆಯೇ ವಾರಸುದಾರರಿಲ್ಲದ ನಿಧಿಯಲ್ಲಿ ಮುಕ್ಕಾಲು ಪಾಲು ಕಂಡವನಿಗೆ, ಕಾಲು ಪಾಲು ಜಮೀನಿನವನಿಗೆ ಎಂದಿತ್ತು. ಇದನ್ನು ಹಳ್ಳಿಯಲ್ಲಿ ಎಷ್ಟು ಜನ ಬಲ್ಲರು? ಗೊತ್ತಿಲ್ಲದವನು ಏನು ಮಾಡುತ್ತಾನೆ? ಸೀದಾ ಅಕ್ಕಸಾಲಿಗರ ಕುಲುಮೆಗೆ ಒಯ್ಯುತ್ತಾನೆ. ಅಲ್ಲಿಗೆ ಚರಿತ್ರೆ ಕರಗಿ ಗಟ್ಟಿಯಾಯಿತು.

ಇಂಗ್ಲೆಂಡಿನಲ್ಲಿ ಬೇರೆ ದಾರಿ ಹಿಡಿದರು. 1996ರಲ್ಲಿ ಕಾಯ್ದೆ ಮಾಡಿ, ಮರುವರ್ಷದಿಂದ ಸಿಕ್ಕಿದ್ದನ್ನು ಬರೆಸಿಕೊಳ್ಳುವ ವ್ಯವಸ್ಥೆ ಶುರುಮಾಡಿದರು. 2009ರಲ್ಲಿ ಸ್ಟಾಫರ್ಡ್‌ಶೈರಿನ ಒಂದು ಹೊಲದಲ್ಲಿ ಮೆಷೀನು ಹಿಡಿದವನಿಗೆ ಚಿನ್ನದ ರಾಶಿಯೇ ಸಿಕ್ಕಿತು. ಆತ ಮುಚ್ಚಿಡಲಿಲ್ಲ. 32.85 ಲಕ್ಷ ಪೌಂಡ್ ಬೆಲೆ ಕಟ್ಟಿ, ಅವನಿಗೂ ಹೊಲದ ರೈತನಿಗೂ ಸಮಪಾಲು ಕೊಟ್ಟರು. ಚಿನ್ನ ಮ್ಯೂಸಿಯಂ ಸೇರಿತು. ಅವರ ಮೆಷೀನು ನಮಗೆ ಬೇಕಿಲ್ಲ. ಅವರ ರಸೀದಿ ಬೇಕು.

ಆದ್ದರಿಂದ ನಮ್ಮ ಬೇಡಿಕೆ ದೊಡ್ಡದೇನಲ್ಲ. ಉಳುವಾಗ, ಪಾಯ ತೆಗೆಯುವಾಗ ಏನಾದರೂ ಸಿಕ್ಕರೆ ಎಲ್ಲಿಗೆ, ಯಾರಿಗೆ ಹೇಳಬೇಕು, ಹೇಳಿದವನಿಗೆ ಏನು ಸಿಗುತ್ತದೆ ಎಂದು ಪ್ರತಿ ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಬರೆಸಲಿ. ತಂದುಕೊಟ್ಟ ರೈತನನ್ನು ಕಳ್ಳನಂತೆ ನಿಲ್ಲಿಸದೆ, ಕುರ್ಚಿ ಕೊಟ್ಟು ಕೂರಿಸಿ, ಕೈಗೆ ರಸೀದಿ ಕೊಡಲಿ. ಸಂಬಂಧಪಟ್ಟವರು ಇತ್ತ ಗಮನ ಹರಿಸಲಿ.

ಬೆಂಚಿನ ಆ ಹುಡುಗನಿಗೂ ಒಂದು ಮಾತು. ತಮ್ಮಾ, ಚರಿತ್ರೆಯ ಹುಚ್ಚು ಒಳ್ಳೆಯದೇ. ಮೆಷೀನಿನ ದುಡ್ಡು ಉಳಿಸು. ಮೊಬೈಲು ಕೈಯಲ್ಲೇ ಇದೆಯಲ್ಲ. ಊರೂರಿನ ಕೆರೆ ಏರಿ, ಹಾಳು ಗುಡಿ, ಬೇಲಿ ಸಂದಿಯಲ್ಲಿ ವೀರಗಲ್ಲು, ಮಾಸ್ತಿಗಲ್ಲು ಕಂಡರೆ ಫೋಟೋ ತೆಗೆ, ಜಾಗ ಬರೆದಿಡು. ಅಗೆಯಬೇಡ. ಆ ಕಲ್ಲಿನ ಮೇಲೆ ಬಟ್ಟೆ ಒಗೆಯುವವರು ಇದ್ದರೆ, ಅದೇನೆಂದು ಅವರಿಗೂ ಒಂದಿಷ್ಟು ಹೇಳು.

ಅಷ್ಟರಲ್ಲಿ ಬಸ್ಸು ಬಂತು.