ಪೆಟ್ಟು ಬಿದ್ದ ಕಣ್ಣಿನ ಹಿಂಭಾಗವನ್ನೂ ನೋಡಿಸಿ

ಮಾನ್ಯ ಆರೋಗ್ಯ ಸಚಿವರೇ,

ದೀಪಾವಳಿ ಹತ್ತಿರ ಬಂತು. ಬೆಂಗಳೂರಿನ ಮಿಂಟೋ ಆಸ್ಪತ್ರೆಯಲ್ಲಿ ಎಂದಿನಂತೆ ಪಟಾಕಿ ಗಾಯಾಳುಗಳಿಗಾಗಿ ಸಿದ್ಧತೆ ನಡೆಯುತ್ತದೆ, ತಾವೂ ಎಚ್ಚರಿಕೆಯ ಮಾತು ಹೇಳುತ್ತೀರಿ. ಎರಡೂ ಬೇಕಾದದ್ದೇ. ತಾಲ್ಲೂಕು ಆಸ್ಪತ್ರೆಯಲ್ಲಿ ನೇತ್ರಾಧಿಕಾರಿಯಾಗಿದ್ದು ನಿವೃತ್ತನಾದ ನನಗೆ ಚಿಂತೆ ಇರುವುದು ಬೆಂಗಳೂರಿಗೆ ಬಾರದೆ ಉಳಿಯುವವರದು.

ಚಿನ್ನಿಯೋ, ಕ್ರಿಕೆಟ್ ಚೆಂಡೋ, ಟುಸ್ಸೆಂದ ಪಟಾಕಿಯನ್ನು ಬಗ್ಗಿ ನೋಡುವಾಗ ಸಿಡಿದ ಚೂರೋ ಬಡಿದ ಹುಡುಗ ಬರುತ್ತಾನೆ. ರೆಪ್ಪೆ ಊದಿದೆ, ಕಣ್ಣು ಕೆಂಡ. ಹನಿ ಔಷಧ ಕೊಟ್ಟು ಕಳಿಸುತ್ತಾರೆ. ವಾರದಲ್ಲಿ ಕೆಂಪು ಇಳಿದರೆ ಮನೆಯವರಿಗೆ ನೆಮ್ಮದಿ. ಆದರೆ ಪೆಟ್ಟು ಮುಂದೆ ಬಿದ್ದರೂ ಅದರ ಅದುರು ಹಿಂದಿನ ರೆಟಿನಾದವರೆಗೆ ಹೋಗಿರಬಹುದು. ಕೆಲವೊಮ್ಮೆ ರೆಟಿನಾ ಬಿಳಿಚಿಕೊಂಡು ತಾನಾಗಿ ಸುಧಾರಿಸುತ್ತದೆ. ಕೆಲವೊಮ್ಮೆ ಸೀರೆಯಂಚಿನ ಹೊಲಿಗೆ ಬಿಟ್ಟ ಹಾಗೆ ಅಂಚಿನಲ್ಲಿ ಬಿಟ್ಟುಕೊಳ್ಳುತ್ತದೆ. ಎಳೆಯರ ಕಣ್ಣೊಳಗಿನ ಲೋಳೆ ಗಟ್ಟಿ. ಹಾಗಾಗಿ ರೆಟಿನಾ ಕೂಡಲೇ ಕಳಚುವುದಿಲ್ಲ. ತಿಂಗಳುಗಟ್ಟಲೆ ನಿಧಾನವಾಗಿ ನೀರು ನುಸುಳಿ ನಡುಭಾಗ ಮುಟ್ಟಿದ ಮೇಲೆ ಹುಡುಗ ಬೋರ್ಡು ಕಾಣುತ್ತಿಲ್ಲ ಅನ್ನುತ್ತಾನೆ. ಅಷ್ಟರಲ್ಲಿ ಪೆಟ್ಟು ಬಿದ್ದದ್ದೇ ಎಲ್ಲರಿಗೂ ಮರೆತಿರುತ್ತದೆ. ಬೇಗ ಸಿಕ್ಕಿದ್ದರೆ ಲೇಸರ್ ಸಾಕಾಗುತ್ತಿತ್ತು. ಈಗ ಕಣ್ಣುಗುಡ್ಡೆಯ ಸುತ್ತ ಸಿಲಿಕೋನ್ ಪಟ್ಟಿ ಕಟ್ಟಬೇಕು, ಇಲ್ಲವೇ ಒಳಗಿನ ಲೋಳೆ ತೆಗೆಯುವ ವಿಟ್ರೆಕ್ಟಮಿ ಮಾಡಬೇಕು.

ಮೊದಲ ಪರೀಕ್ಷೆಗೆ ಕಾಸೂ ಬೇಡ. ಮಂದ ಬೆಳಕಿನ ಕೋಣೆಯಲ್ಲಿ ಟಾರ್ಚನ್ನು ಒಂದು ಕಣ್ಣಿಂದ ಇನ್ನೊಂದಕ್ಕೆ ಆಡಿಸಬೇಕು. ಪೆಟ್ಟಾದ ಕಣ್ಣಿಗೆ ಬೆಳಕು ತಿರುಗಿದಾಗ ಪಾಪೆ ಕುಗ್ಗುವ ಬದಲು ಹಿಗ್ಗಿದರೆ ಹಿಂದೆ ರೆಟಿನಾಕ್ಕೋ ನರಕ್ಕೋ ದೊಡ್ಡ ಹಾನಿಯಾಗಿದೆ ಎಂದು ಲೆಕ್ಕ. ಪಾಪೆ ಹಿಗ್ಗಿಸುವ ಹನಿ ಹಾಕುವ ಮೊದಲೇ ಇದು ಆಗಬೇಕು. ಓಪಿಡಿ ಸಾಲು ಬಾಗಿಲು ದಾಟಿ ನಿಂತ ದಿನ ಹನಿಯೇ ಮೊದಲು ಬೀಳುತ್ತದೆ, ಏನು ಮಾಡೋಣ! ಅಂಚಿನ ಸಣ್ಣ ಹರುಕು ಮಾತ್ರ ಟಾರ್ಚಿಗೆ ಸಿಗದು. ಹನಿ ಹಾಕಿ, ತಲೆಗೆ ದೀಪ ಕಟ್ಟಿಕೊಂಡು, ಲೆನ್ಸ್ ಹಿಡಿದು ಅಂಚಿನವರೆಗೆ ಹುಡುಕಬೇಕು. ಒಳಗೆ ರಕ್ತ ತುಂಬಿ ಏನೂ ಕಾಣದಿದ್ದರೆ ಬಿ-ಸ್ಕ್ಯಾನ್ ಎಂಬ ಅಲ್ಟ್ರಾಸೌಂಡ್ ಪರೀಕ್ಷೆ. ಕಣ್ಣುಗುಡ್ಡೆಯೇ ಒಡೆದ ಅನುಮಾನವಿದ್ದರೆ ಒತ್ತಲೇಬಾರದು: ಗಟ್ಟಿ ಕವಚ ಇಟ್ಟು, ಧನುರ್ವಾಯುವಿನ ಲಸಿಕೆ ಚುಚ್ಚಿ, ಅವತ್ತೇ ದೊಡ್ಡಾಸ್ಪತ್ರೆಗೆ ಕಳಿಸಬೇಕು. ಉಳಿ-ಸುತ್ತಿಗೆ ಕೆಲಸದಲ್ಲಿ ಕಣ್ಣಿಗೆ ಪೆಟ್ಟಾದವರಿಗೆ ಸಿಟಿ ಸ್ಕ್ಯಾನ್, ಎಂಆರ್‌ಐ ಅಲ್ಲ. ಒಳಗೆ ಕಬ್ಬಿಣದ ಚೂರಿದ್ದರೆ ಎಂಆರ್‌ಐ ಅದನ್ನು ಎಳೆದು ಕಣ್ಣನ್ನೇ ಹಾಳುಮಾಡೀತು.

ತಜ್ಞರಿಲ್ಲ ಎಂಬ ಉತ್ತರ ನನಗೆ ಗೊತ್ತು. ಆದರೆ ಅವಧಿಗೆ ಮುನ್ನ ಹುಟ್ಟಿದ ಕೂಸುಗಳಿಗಾಗಿ 2008ರಲ್ಲಿ ನಮ್ಮ ರಾಜ್ಯದಲ್ಲೇ ಶುರುವಾದ ಕಿಡ್ರಾಪ್ ಯೋಜನೆಯಲ್ಲಿ ತಂತ್ರಜ್ಞರು ಜಿಲ್ಲೆಗಳಿಗೆ ಹೋಗಿ ರೆಟಿನಾ ಚಿತ್ರ ತೆಗೆದು ದೂರದ ತಜ್ಞರಿಗೆ ತೋರಿಸಿದರು. ಕೂಸಿಗೆ ಆದದ್ದು ಶಾಲೆ ಹುಡುಗನಿಗೆ ಯಾಕಾಗಬಾರದು? ಪ್ರತಿ ಜಿಲ್ಲಾಸ್ಪತ್ರೆಯಲ್ಲಿ ಒಂದು ಬಿ-ಸ್ಕ್ಯಾನ್ ಯಂತ್ರ, ಅದನ್ನು ಹಿಡಿಯಲು ಪಳಗಿದ ಕೈ, ಚಿತ್ರ ನೋಡಿ ಅದೇ ದಿನ ಉತ್ತರಿಸುವ ರೆಟಿನಾ ತಜ್ಞರು ಇರಲಿ. ಯಂತ್ರ ಬಂದು ಕೈ ಬಾರದಿದ್ದರೆ ಅದು ಬಟ್ಟೆ ಮುಚ್ಚಿಕೊಂಡು ಮೂಲೆಯಲ್ಲಿ ಕೂರುತ್ತದೆ, ನೋಡಿ ಬಲ್ಲೆ.

ಇನ್ನೊಂದು ಸಣ್ಣ ಕೋರಿಕೆ. ಪೊರೆ ಶಸ್ತ್ರಚಿಕಿತ್ಸೆಗೆ ರೋಗಿಯನ್ನು ಕರೆತಂದರೆ ಆಶಾ ಕಾರ್ಯಕರ್ತೆಗೆ ಪ್ರೋತ್ಸಾಹಧನ ಉಂಟು. ಕಣ್ಣಿಗೆ ಪೆಟ್ಟು ಬಿದ್ದವರನ್ನು ತಿಂಗಳ ನಂತರ ಒಮ್ಮೆ, ಆರು ತಿಂಗಳ ನಂತರ ಮತ್ತೊಮ್ಮೆ ಮರುಪರೀಕ್ಷೆಗೆ ಕರೆತರುವವಳಿಗೂ ಅದು ಸಿಗಲಿ. ಆ ಎರಡು ತಾರೀಕು ಮೊದಲ ದಿನದ ಓಪಿಡಿ ಚೀಟಿಯಲ್ಲೇ ಬರೆದಿರಲಿ. ಹಬ್ಬದೊಳಗೆ ಸುತ್ತೋಲೆ ಹೊರಟರೆ ಉಪಕಾರವಾಗುತ್ತದೆ.

ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ನೇತ್ರಾಧಿಕಾರಿ