ತಂಬೂರಿಗೆ ಸವಕಳಿ ಬರೆಯಬೇಡಿ

ಇಲ್ಲಿ ಪುಣೆಯ ಮಾರ್ಕೆಟ್ ಯಾರ್ಡ್ ಸುತ್ತ ಮನೆ ಮಾಡಿಕೊಂಡಿರುವ ನಮ್ಮ ಕನ್ನಡದ ಮಂದಿಗೆ ಒಂದು ದೊಡ್ಡ ಅಭಿಮಾನ. ಗದಗಿನ ಭೀಮಸೇನ ಜೋಶಿಯವರು ಈ ಊರಿನಲ್ಲೇ ನೆಲೆಸಿದರು, ಕುಂದಗೋಳದ ತಮ್ಮ ಗುರು ಸವಾಯಿ ಗಂಧರ್ವರ ಹೆಸರಿನ ಉತ್ಸವವನ್ನು 1953ರಲ್ಲಿ ಇಲ್ಲೇ ಶುರುಮಾಡಿದರು ಅಂತ. ಅಭಿಮಾನ ಇರಲಿ. ಆದರೆ ಅದೇ ಮಂದಿ ಅಟ್ಟದ ಮೇಲಿನ ಹಳೇ ತಂಬೂರಿಯನ್ನು ಗುಜರಿಯವನಿಗೆ ಕೊಡುತ್ತಾರಲ್ಲ, ಅದಕ್ಕೇನು ಹೇಳೋಣ? ಕೇಳಿದರೆ, "ಮೊಬೈಲಿನಾಗ ಶ್ರುತಿ ಬರ್ತದಲ್ರೀ, ಇದರ ಉಸಾಬರಿ ಯಾಕ?" ಅಂತಾರೆ.

ಬ್ಯಾಂಕಿನಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಸವಕಳಿಯ ಲೆಕ್ಕ ನೋಡಿದವನು ನಾನು. ಮೇಜು, ಫ್ಯಾನು, ಕಂಪ್ಯೂಟರುಗಳ ಬೆಲೆಯನ್ನು ವರ್ಷಾವರ್ಷ ಇಳಿಸುತ್ತ ಹೋಗುವುದು ಸರಿ. ತಂಬೂರಿಗೆ ಆ ಲೆಕ್ಕ ಹೊಂದುವುದಿಲ್ಲ. ಪಿಯಾನೋದಂಥ ವಾದ್ಯವಾದರೆ ಇನ್ನೂರಕ್ಕೂ ಹೆಚ್ಚು ತಂತಿ, ಟನ್ನುಗಟ್ಟಲೆ ಎಳೆತ. ರಿಪೇರಿ ಭಾರ ಅನ್ನುವ ಮಾತಿಗೆ ಅಲ್ಲಿ ಅರ್ಥವಿದೆ. ತಂಬೂರಿಗೆ ಸಾಮಾನ್ಯವಾಗಿ ನಾಲ್ಕೇ ತಂತಿ. ತುಕ್ಕು ಹಿಡಿದರೆ ಹೊಸದು ಹಾಕಿದರಾಯಿತು. ಬಿರಡೆ ಜಾರಿದರೆ ಸರಿಮಾಡಬಹುದು. ಬುರುಡೆ ಸೀಳಿದರೂ ಅಂಟಿಸಿ ಕೂಡಿಸುವವರಿದ್ದಾರೆ.

ನಿಜವಾದ ಕೆಲಸ ಜವಾರಿಯದು. ತಂತಿಗಳು ಕೂರುವ ಕುದುರೆಯ ಮೈ ಅಗಲ, ಸ್ವಲ್ಪವೇ ಇಳಿಜಾರು. ತಂತಿ ಅದನ್ನು ಸವರುತ್ತ ಕಂಪಿಸುವುದರಿಂದಲೇ ಆ ಝೇಂಕಾರ. ವರ್ಷಗಟ್ಟಲೆ ನುಡಿಸಿದರೆ ತಂತಿ ಅಲ್ಲಿ ಗೀರು ಕೊರೆದು ನಾದ ಮಂಕಾಗುತ್ತದೆ. ಆಗ ಅರ ಹಿಡಿದು ಉಜ್ಜಬೇಕು, ತಂತಿ ಬಿಗಿದು ಕೇಳಬೇಕು, ಮತ್ತೆ ಉಜ್ಜಬೇಕು. ಕೊನೆಗೆ ತಂತಿಯಡಿ ನೂಲಿಟ್ಟು, ಹಿಂದೆ ಮುಂದೆ ಸರಿಸಿ, ನಾದ ಬಿಚ್ಚಿಕೊಳ್ಳುವ ಜಾಗ ಹುಡುಕಬೇಕು. ಇದಕ್ಕೆಲ್ಲ ಕಿವಿಯೇ ಅಳತೆಗೋಲು.

ಇದನ್ನು ಬಲ್ಲವರು ದೂರವೇನಿಲ್ಲ. ಬೆಳಗಾವಿ, ಹುಬ್ಬಳ್ಳಿಗೆ ರೈಲು ಹತ್ತಿದರೆ ದಾರಿಯಲ್ಲೇ ಮಿರಜ್. ಹತ್ತೊಂಬತ್ತನೆಯ ಶತಮಾನದಿಂದ ಅಲ್ಲಿ ಸಿತಾರ್‌ಮೇಕರ್ ಮನೆತನಗಳು ಈ ಕಸುಬು ನಡೆಸಿಕೊಂಡು ಬಂದಿವೆ. ಸವಾಯಿ ಗಂಧರ್ವರ ಗುರು ಅಬ್ದುಲ್ ಕರೀಂ ಖಾನರು ನೆಲೆಸಿದ್ದೂ ಆ ಊರಲ್ಲೇ. 2024ರಲ್ಲಿ ಮಿರಜ್‌ನ ಸಿತಾರ್, ತಂಬೂರಿಗಳಿಗೆ ಜಿ.ಐ. ಟ್ಯಾಗ್ ಸಿಕ್ಕಿತು. ಪೇಪರಿನಲ್ಲಿ ಓದಿ ಹಿಗ್ಗಿದೆವು. ನಮ್ಮ ಹಿಗ್ಗಿನಿಂದ ಅವರ ಮನೆ ಒಲೆ ಉರೀತದೇನು?

ತಂತಿಯ ಬೆಲೆ ಕೊಡುತ್ತೇವೆ, ಕಿವಿಯ ಬೆಲೆಗೆ ಮಾತ್ರ ಚೌಕಾಸಿ. "ಬರೇ ಉಜ್ಜಿದ್ದಕ್ಕ ಇಷ್ಟು ರೊಕ್ಕಾನ?" ಅಂತ ಕೇಳುವವರೇ ಅಪಾರ್ಟ್‌ಮೆಂಟಿನ ಲಿಫ್ಟಿನ ವಾರ್ಷಿಕ ಕಾಂಟ್ರ್ಯಾಕ್ಟಿಗೆ ತುಟಿಪಿಟಕ್ಕೆನ್ನದೆ ಚೆಕ್ ಬರೆಯುತ್ತಾರೆ. ಹೀಗಾದರೆ ಆ ಕಸುಬುದಾರನ ಮಗ ಅರ ಯಾಕೆ ಹಿಡಿದಾನು?

ಮೊಬೈಲ್ ಶ್ರುತಿ ಬೇಡ ಅಂತಲ್ಲ. ಪ್ರಯಾಣಕ್ಕೆ, ಕಲಿಯುವ ಮಕ್ಕಳಿಗೆ ಒಳ್ಳೆಯದೇ. ಅದು ಬಂದ ಮಾತ್ರಕ್ಕೆ ತಂಬೂರಿ ಕಸವಾಗುವುದಿಲ್ಲ. ಪರವೂರಿನಲ್ಲಿ ಬೆಳೆದ ನಮ್ಮ ಎಷ್ಟೋ ಮೊಮ್ಮಕ್ಕಳಿಗೆ ಕನ್ನಡ ಓದಲು ಬರುವುದಿಲ್ಲ. ತಂಬೂರಿ ಕೇಳಲು ಅಕ್ಷರ ಬೇಕಿಲ್ಲ. ಮುಂದಿನ ಸಲ ಊರಿಗೆ ಹೋಗುವಾಗ ಅದಕ್ಕೆ ಬಟ್ಟೆ ಸುತ್ತಿಕೊಂಡು ಮಿರಜ್‌ನಲ್ಲಿ ಇಳಿಯಿರಿ. ಕೇಳಿದಷ್ಟು ಮಜೂರಿ ಕೊಡಿ. ಆ ಹಣವನ್ನು ಖರ್ಚಿನ ಖಾತೆಗಲ್ಲ, ಬಂಡವಾಳದ ಖಾತೆಗೆ ಬರೆದುಕೊಳ್ಳಿ.